ಮೀನೆಣ್ಣೆ ಮಾತ್ರೆ: ನುಂಗುವ ಮೊದಲು ಡಬ್ಬಿಯ ಹಿಂಬದಿ ಓದಿ

ಔಷಧ ಅಂಗಡಿಗಳಲ್ಲಿ ಹೊಂಬಣ್ಣದ ಮೀನೆಣ್ಣೆ ಮಾತ್ರೆಗಳು ವೈದ್ಯರ ಚೀಟಿಯಿಲ್ಲದೆಯೇ ಸಿಗುತ್ತವೆ. ಹೃದಯ, ಮೆದುಳು, ಕೀಲುನೋವು, ಮನಸ್ಸಿನ ಬೇಸರ ಎಲ್ಲಕ್ಕೂ ಇದೇ ಮದ್ದು ಎಂಬಂತೆ ಪ್ರಚಾರವೂ ನಡೆಯುತ್ತದೆ. ಅಮೆರಿಕದಿಂದಲೋ ದುಬೈಯಿಂದಲೋ ರಜೆಗೆ ಬರುವ ಮಕ್ಕಳು ಅಪ್ಪ ಅಮ್ಮನಿಗೆಂದು ದೊಡ್ಡ ಡಬ್ಬಿಯನ್ನೇ ತರುತ್ತಾರೆ. ಅಕ್ಕರೆಯಿಂದ ತಂದದ್ದೆಂದು ಹಿರಿಯರು ಒಂದು ದಿನವೂ ತಪ್ಪಿಸದೆ ನುಂಗುತ್ತಾರೆ. ಆದರೆ ಯಾವ ತೊಂದರೆಗೆ, ಎಷ್ಟು ಪ್ರಮಾಣದಲ್ಲಿ, ಬೇರೆ ಯಾವ ಮಾತ್ರೆಗಳ ಜೊತೆಗೆ ಎಂದು ಕೇಳುವವರು ಕಡಿಮೆ. ಮೀನೆಣ್ಣೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲಾಗುವುದಿಲ್ಲ. ಈ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಮಾತ್ರ ಉತ್ತರ ಸಿಗುತ್ತದೆ. ಅದಕ್ಕೆ ಹೀಗೆ ಮುಂದುವರಿಯಬಹುದು.

ಹೆಜ್ಜೆ 1: ಯಾಕೆ ಬೇಕು ಎಂದು ಮೊದಲು ತೀರ್ಮಾನಿಸಿ

ಮೀನೆಣ್ಣೆಯಲ್ಲಿ ಕೆಲಸ ಮಾಡುವುದು ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬಿನಾಮ್ಲಗಳು. ಇವುಗಳ ಖ್ಯಾತಿ ಶುರುವಾದದ್ದು 1970ರ ದಶಕದಲ್ಲಿ. ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬ ಸಂಶೋಧಕರು ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ರಕ್ತ ಪರೀಕ್ಷಿಸಿದರು. ಸೀಲ್, ತಿಮಿಂಗಿಲ, ಮೀನು ತಿಂದು ಬದುಕುವ ಆ ಜನರಲ್ಲಿ ಹೃದಯಾಘಾತ ಕಡಿಮೆ ಎಂಬ ಮಾತಿತ್ತು. ಅದಕ್ಕೆ ಕಡಲಿನ ಕೊಬ್ಬೇ ಕಾರಣವಿರಬಹುದು ಎಂದು ಅವರು ಊಹಿಸಿದರು. 1999ರಲ್ಲಿ ಇಟಲಿಯ ದೊಡ್ಡ ಪ್ರಯೋಗವೊಂದು ಆ ಊಹೆಗೆ ಬಲ ಕೊಟ್ಟಿತು. ಆಗಷ್ಟೇ ಹೃದಯಾಘಾತದಿಂದ ಚೇತರಿಸಿಕೊಂಡಿದ್ದ 11 ಸಾವಿರಕ್ಕೂ ಹೆಚ್ಚು ಜನರು ಅದರಲ್ಲಿದ್ದರು. ದಿನಕ್ಕೆ ಸುಮಾರು ಒಂದು ಗ್ರಾಂ ಒಮೆಗಾ-3 ಸೇವಿಸಿದವರಲ್ಲಿ ಸಾವಿನ ಪ್ರಮಾಣ ತಗ್ಗಿತ್ತು.

ಇಂದಿಗೂ ಜಾಹೀರಾತುಗಳು ನಿಂತಿರುವುದು ಆ ಕಾಲದ ಭರವಸೆಯ ಮೇಲೆ. ಆದರೆ ಆಗ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಬಳಕೆ ಈಗಿನಷ್ಟು ಇರಲಿಲ್ಲ, ಹೃದಯಾಘಾತದ ಚಿಕಿತ್ಸೆಯೂ ಇಷ್ಟು ಮುಂದುವರಿದಿರಲಿಲ್ಲ. 2018ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಒಟ್ಟೊಟ್ಟಿಗೆ ಬಂತು. ಬ್ರಿಟನ್ನಿನ ‘ಅಸೆಂಡ್’ನಲ್ಲಿ ಮಧುಮೇಹವಿರುವ 15,480 ಜನರಿದ್ದರು, ಅಮೆರಿಕದ ‘ವೈಟಲ್’ನಲ್ಲಿ 25,871 ಮಂದಿ. ಎರಡರಲ್ಲೂ ದಿನಕ್ಕೊಂದು ಗ್ರಾಮಿನ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾದು ನೋಡಿದರು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಇವನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ ಮಾತ್ರೆ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ವೈಟಲ್’ನಲ್ಲಿ ಮೀನು ತೀರಾ ಕಡಿಮೆ ತಿನ್ನುವವರಿಗೆ ಹೃದಯಾಘಾತ ಕಡಿಮೆ ಆದದ್ದು ನಿಜ. ಆದರೆ ಆ ಪ್ರಯೋಗ ಉತ್ತರಿಸಲು ಹೊರಟ ಮುಖ್ಯ ಪ್ರಶ್ನೆ ಅದಾಗಿರಲಿಲ್ಲ. ಹಾಗಾಗಿ ಅದನ್ನೇ ನೆಚ್ಚಿಕೊಂಡು ಎಲ್ಲರಿಗೂ ಮಾತ್ರೆ ಕೊಡಲಾಗದು.

ಆರೋಗ್ಯವಾಗಿದ್ದು, ಸುಮ್ಮನೆ ಹೃದಯದ ರಕ್ಷಣೆಗೆಂದು ದಿನಕ್ಕೊಂದು ಮಾತ್ರೆ ನುಂಗುವ ಯೋಚನೆ ನಿಮ್ಮದಾದರೆ ಇಲ್ಲಿಗೇ ನಿಲ್ಲಿಸಿ. ಆ ದುಡ್ಡಿಗೆ ಮೀನು, ಸೊಪ್ಪು, ಹಣ್ಣು ತನ್ನಿ.

ಹೆಜ್ಜೆ 2: ರಕ್ತಪರೀಕ್ಷೆಯ ವರದಿ ಕೈಗೆತ್ತಿಕೊಳ್ಳಿ

ಒಮೆಗಾ-3ರ ಕೆಲಸ ನಿಸ್ಸಂದೇಹವಾಗಿ ಕಾಣುವುದು ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಮೇಲೆ. ಲಿಪಿಡ್ ಪ್ರೊಫೈಲ್ ವರದಿಯಲ್ಲಿ ಆ ಸಾಲನ್ನು ಹುಡುಕಿ. ರಕ್ತದ ಪ್ರತಿ ಡೆಸಿಲೀಟರಿಗೆ 150 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಸರಿ. 200 ದಾಟಿದರೆ ಹೆಚ್ಚು. 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯವಿರುವುದರಿಂದ ವೈದ್ಯರನ್ನು ತಡಮಾಡದೆ ಕಾಣಬೇಕು. ಅಂಕಿ ಏರಿದೆ ಎಂದ ಕೂಡಲೇ ಮಾತ್ರೆಗೆ ಕೈಹಾಕಬೇಡಿ. ಮದ್ಯಪಾನ, ಸಿಹಿ ತಿನಿಸು, ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇವೆಲ್ಲ ಟ್ರೈಗ್ಲಿಸರೈಡನ್ನು ಏರಿಸುತ್ತವೆ. ಮೂರು ಹೊತ್ತೂ ತಟ್ಟೆ ತುಂಬ ಬಿಳಿ ಅನ್ನ ಉಣ್ಣುವ ನಮ್ಮ ಅಭ್ಯಾಸದ ಪಾಲೂ ಇದರಲ್ಲಿದೆ. ಮೊದಲು ಅವುಗಳನ್ನು ಸರಿಪಡಿಸಬೇಕು.

ಅಷ್ಟಾದರೂ ಇಳಿಯದಿದ್ದರೆ ವೈದ್ಯರು ದಿನಕ್ಕೆ 4 ಗ್ರಾಂ ಒಮೆಗಾ-3 ಬರೆದುಕೊಡಬಹುದು. ಈ ಪ್ರಮಾಣದಲ್ಲಿ ಟ್ರೈಗ್ಲಿಸರೈಡ್ ಸಾಮಾನ್ಯವಾಗಿ ಶೇ 20ರಿಂದ 30ರಷ್ಟು ಇಳಿಯುತ್ತದೆ. ಅದು ಇಳಿದ ಮಾತ್ರಕ್ಕೆ ಹೃದಯಾಘಾತವೂ ತಪ್ಪುತ್ತದೆಯೇ? ಇಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದ 8,179 ರೋಗಿಗಳ ‘ರೆಡ್ಯೂಸ್-ಇಟ್’ ಪ್ರಯೋಗದಲ್ಲಿ ಶುದ್ಧೀಕರಿಸಿದ ಇಪಿಎ ಮಾತ್ರ ಇರುವ ಔಷಧ ಕೊಟ್ಟಾಗ ಹೃದಯದ ಅವಘಡಗಳು ಶೇ 25ರಷ್ಟು ಕಡಿಮೆಯಾದವು. 2020ರಲ್ಲಿ ಪ್ರಕಟವಾದ ‘ಸ್ಟ್ರೆಂತ್’ ಪ್ರಯೋಗದಲ್ಲಿ 13,078 ಮಂದಿಯಿದ್ದರು. ಅದರಲ್ಲಿ ಇಪಿಎ, ಡಿಎಚ್‌ಎ ಎರಡನ್ನೂ ಸೇರಿಸಿ ಕೊಟ್ಟರು. ಪ್ರಯೋಜನ ಕಾಣದೆ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಮೊದಲ ಪ್ರಯೋಗದಲ್ಲಿ ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಕೊಟ್ಟಿದ್ದ ಖನಿಜ ತೈಲವೇ ಆ ಗುಂಪಿನವರಿಗೆ ಕೆಡುಕು ಮಾಡಿ, ಔಷಧದ ಗುಣವನ್ನು ಹಿಗ್ಗಿಸಿ ತೋರಿಸಿತೇ ಎಂಬ ವಾದ ಇನ್ನೂ ನಡೆಯುತ್ತಿದೆ. ಒಂದು ವಿಷಯದಲ್ಲಿ ಮಾತ್ರ ಗೊಂದಲ ಬೇಡ. ಈ ಎರಡೂ ಪ್ರಯೋಗಗಳಲ್ಲಿ ಕೊಟ್ಟದ್ದು ಚೀಟಿಯ ಮೇಲೆ ಕೊಡುವ ಔಷಧಗಳು. ಅಂಗಡಿಯ ಕಪಾಟಿನಲ್ಲಿರುವ ಸಾಮಾನ್ಯ ಮೀನೆಣ್ಣೆ ಅವುಗಳ ಬದಲಿ ಅಲ್ಲ. ಯಾಕೆಂದು ಮುಂದಿನ ಲೆಕ್ಕದಲ್ಲಿ ಕಾಣುತ್ತದೆ.

ಹೆಜ್ಜೆ 3: ಡಬ್ಬಿ ತಿರುಗಿಸಿ, ಕೂಡಿಸಿ

ಡಬ್ಬಿಯ ಮುಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ‘1000 ಮಿಲಿಗ್ರಾಂ’ ಎಂದಿರುತ್ತದೆ. ಅದು ಎಣ್ಣೆಯ ತೂಕ. ಹಿಂಬದಿಯ ಸಣ್ಣ ಅಕ್ಷರಗಳ ಪಟ್ಟಿಯಲ್ಲಿ ‘ಇಪಿಎ 180, ಡಿಎಚ್‌ಎ 120’ ಎಂದಿರುವುದು ಮಾರುಕಟ್ಟೆಯಲ್ಲಿ ತೀರಾ ಸಾಮಾನ್ಯ. ಕೂಡಿಸಿದರೆ 300 ಮಿಲಿಗ್ರಾಂ. ಅಂದರೆ ನೀವು ದುಡ್ಡು ಕೊಟ್ಟ ಸಾವಿರದಲ್ಲಿ ಕೆಲಸಕ್ಕೆ ಬರುವುದು ಮುನ್ನೂರು ಮಾತ್ರ, ಉಳಿದದ್ದು ಬೇರೆ ಕೊಬ್ಬು. ಈ ಮಾತ್ರೆಯಿಂದ ದಿನಕ್ಕೆ 4 ಗ್ರಾಂ ಒಮೆಗಾ-3 ಪಡೆಯಬೇಕೆಂದರೆ ಹದಿಮೂರಕ್ಕಿಂತ ಹೆಚ್ಚು ಮಾತ್ರೆ ನುಂಗಬೇಕು. ಜೊತೆಗೆ ನೂರಕ್ಕೂ ಹೆಚ್ಚು ಕ್ಯಾಲೊರಿ ಬೇಡದೆಯೂ ಒಳಗೆ ಹೋಗುತ್ತದೆ.

ಪಟ್ಟಿಯ ಮೇಲ್ಸಾಲನ್ನೂ ಬಿಡದೆ ಓದಿ. ಕೆಲವು ಡಬ್ಬಿಗಳು ಅಂಕಿಗಳನ್ನು ಒಂದು ಮಾತ್ರೆಗೆ ಕೊಡದೆ ಎರಡು ಮಾತ್ರೆಗಳ ಲೆಕ್ಕದಲ್ಲಿ ಕೊಡುತ್ತವೆ. ಎರಡು ಡಬ್ಬಿಗಳ ಬೆಲೆ ಹೋಲಿಸುವಾಗ ಮಾತ್ರೆಯ ಬೆಲೆ ನೋಡಬೇಡಿ, ಪ್ರತಿ ನೂರು ಮಿಲಿಗ್ರಾಂ ಇಪಿಎ ಮತ್ತು ಡಿಎಚ್‌ಎಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಮೊಬೈಲಿನಲ್ಲಿ ಭಾಗಿಸಿ ನೋಡಿ. ಇಪಿಎ, ಡಿಎಚ್‌ಎಗಳನ್ನು ಬಿಡಿಸಿ ಬರೆಯದೆ ‘ಒಮೆಗಾ-3’ ಎಂದಷ್ಟೇ ಬರೆದ ಡಬ್ಬಿಯನ್ನು ಕೊಳ್ಳಲೇಬೇಡಿ.

ಕಾಡ್ ಮೀನಿನ ಯಕೃತ್ತಿನ ಎಣ್ಣೆಯೇ ಬೇರೆ, ಮೀನೆಣ್ಣೆಯೇ ಬೇರೆ. ಮೊದಲನೆಯದರಲ್ಲಿ ಎ ಮತ್ತು ಡಿ ಜೀವಸತ್ವಗಳು ಧಾರಾಳವಾಗಿರುತ್ತವೆ. ಒಮೆಗಾ-3 ಹೆಚ್ಚಲೆಂದು ಅದನ್ನೇ ನಾಲ್ಕೈದು ಮಾತ್ರೆ ನುಂಗಿದರೆ ಎ ಜೀವಸತ್ವ ಮಿತಿಮೀರುತ್ತದೆ. ಗರ್ಭಿಣಿಯರಲ್ಲಿ ಇದು ಮಗುವಿಗೇ ಅಪಾಯ ತರಬಲ್ಲದು.

ಹೆಜ್ಜೆ 4: ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಮಾಡಿ

ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಮೀನೆಣ್ಣೆ ಶುರುಮಾಡಬಾರದು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೂ ಹೇಳಬೇಕು. ಚೀಟಿಯಿಲ್ಲದೆ ಕೊಂಡದ್ದು ಔಷಧವಲ್ಲ ಎಂದುಕೊಂಡು ಬಹಳ ಮಂದಿ ಇದನ್ನು ವೈದ್ಯರ ಮುಂದೆ ಬಾಯಿಬಿಡುವುದೇ ಇಲ್ಲ. ಮೀನಿನ ಅಲರ್ಜಿ ಇರುವವರಿಗೂ ಇದೇ ಎಚ್ಚರಿಕೆ.

ಇದಕ್ಕಿಂತ ಮುಖ್ಯವಾದದ್ದು ಹೃದಯದ ಲಯ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ, ಒಮೆಗಾ-3 ಪ್ರಮಾಣ ಏರಿದಂತೆ ಹೆಚ್ಚುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ‘ರೆಡ್ಯೂಸ್-ಇಟ್’, ‘ಸ್ಟ್ರೆಂತ್’ ಎರಡರಲ್ಲೂ ಅದು ಹೆಚ್ಚಿತ್ತು. ಈ ತೊಂದರೆಯಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಆದ್ದರಿಂದ ಎದೆ ಡವಡವ ಎನ್ನುವುದು, ನಾಡಿ ಏರುಪೇರಾಗುವುದು ಮೊದಲೇ ಇದ್ದವರು ಸ್ವಂತ ನಿರ್ಧಾರದಿಂದ ದಿನಕ್ಕೆ ಒಂದು ಗ್ರಾಮಿಗಿಂತ ಹೆಚ್ಚು ಒಮೆಗಾ-3 ತೆಗೆದುಕೊಳ್ಳಲೇಬಾರದು. ಹೃದಯದ ಒಳಿತಿಗೆಂದು ಕೊಂಡ ಮಾತ್ರೆಯೇ ಹೃದಯದ ಲಯ ಕೆಡಿಸಬಹುದು ಎಂಬುದನ್ನು ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಮುದ್ರಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹೆಜ್ಜೆ 5: ಮನಸ್ಸಿಗಾಗಿ ಎಂದಾದರೆ ಇಪಿಎ ಪಾಲು ನೋಡಿ

ಮೆದುಳಿನ ಜೀವಕೋಶಗಳ ಪೊರೆಯಲ್ಲಿ ಡಿಎಚ್‌ಎ ಹೇರಳವಾಗಿದೆ. ಹಾಗಾಗಿ ಮನಸ್ಸಿನ ಕಾಯಿಲೆಗೆ ಡಿಎಚ್‌ಎಯೇ ಮದ್ದಾಗಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಪ್ರಯೋಗಗಳು ಬೇರೆಯದನ್ನೇ ಹೇಳಿವೆ. ಖಿನ್ನತೆಯಲ್ಲಿ ಒಂದಿಷ್ಟು ಪ್ರಯೋಜನ ಕಂಡಿರುವುದು ಇಪಿಎ ಪಾಲು ಶೇ 60ಕ್ಕಿಂತ ಹೆಚ್ಚಿರುವ ಮಾತ್ರೆಗಳಿಂದ. ದೇಹದೊಳಗಿನ ಉರಿಯೂತವನ್ನು ಇಪಿಎ ತಗ್ಗಿಸುವುದು ಇದಕ್ಕೆ ಕಾರಣವಿರಬಹುದು ಎನ್ನುತ್ತಾರೆ. ಪೌಷ್ಟಿಕ ಮನೋವೈದ್ಯಕೀಯ ಸಂಶೋಧಕರ ಅಂತರರಾಷ್ಟ್ರೀಯ ಸಂಘವೊಂದು 2019ರಲ್ಲಿ ಮಾರ್ಗಸೂಚಿ ಹೊರಡಿಸಿ, ತೀವ್ರ ಖಿನ್ನತೆಗೆ ನಡೆಯುತ್ತಿರುವ ಚಿಕಿತ್ಸೆಯ ಜೊತೆಗೆ ದಿನಕ್ಕೆ 1ರಿಂದ 2 ಗ್ರಾಂ ಇಪಿಎ ಕೊಡಬಹುದು ಎಂದಿತು. ಇಲ್ಲಿ ‘ಜೊತೆಗೆ’ ಎಂಬುದನ್ನು ಮರೆಯಬಾರದು. ಖಿನ್ನತೆಯ ಮಾತ್ರೆ ನಿಲ್ಲಿಸಿ ಮೀನೆಣ್ಣೆ ಹಿಡಿಯಿರಿ ಎಂದು ಅದು ಹೇಳಿಲ್ಲ.

ಮೂರನೇ ಹೆಜ್ಜೆಯ ಡಬ್ಬಿಯನ್ನು ಈಗ ಮತ್ತೆ ನೋಡಿ. 180ಕ್ಕೆ 120 ಎಂದರೆ ಇಪಿಎ ಪಾಲು ಸರಿಯಾಗಿ ಶೇ 60. ಪಾಲೇನೋ ಗಡಿಯಲ್ಲಿದೆ, ಆದರೆ ಒಂದು ಗ್ರಾಂ ಇಪಿಎ ಸಿಗಬೇಕೆಂದರೆ ಆರು ಮಾತ್ರೆ ಬೇಕು. ದಿನಕ್ಕೆ ಒಂದು ನುಂಗಿ ಮನಸ್ಸು ಹಗುರಾಗಲಿಲ್ಲ ಎಂದರೆ ಅಚ್ಚರಿಯಿಲ್ಲ.

ಮುಂದೆ ಖಿನ್ನತೆ ಬಾರದಿರಲಿ ಎಂದು ಮುನ್ನೆಚ್ಚರಿಕೆಗಾಗಿ ತೆಗೆದುಕೊಳ್ಳುವವರಿಗೂ ಉತ್ತರ ಸಿಕ್ಕಿದೆ. ‘ವೈಟಲ್’ ಪ್ರಯೋಗದ ಭಾಗವಾಗಿಯೇ 50 ದಾಟಿದ 18,353 ಮಂದಿಯನ್ನು ಸುಮಾರು ಐದು ವರ್ಷ ಗಮನಿಸಿದ ವರದಿ 2021ರಲ್ಲಿ ಪ್ರಕಟವಾಯಿತು. ಒಮೆಗಾ-3 ಖಿನ್ನತೆಯನ್ನು ತಡೆಯಲಿಲ್ಲ. ಮಾತ್ರೆ ತೆಗೆದುಕೊಂಡವರಲ್ಲಿ ಖಿನ್ನತೆಯ ಲಕ್ಷಣಗಳು ತುಸು ಹೆಚ್ಚೇ ಇದ್ದವು.

ಎರಡು ವಾರಕ್ಕೂ ಮೀರಿ ಮನಸ್ಸು ಮುದುಡಿಕೊಂಡೇ ಇದ್ದರೆ, ನಿದ್ದೆ ಊಟ ತಪ್ಪಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಔಷಧ ಅಂಗಡಿಯ ಕಪಾಟಿನಲ್ಲಿ ಅದಕ್ಕೆ ಉತ್ತರ ಹುಡುಕಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಹೆಜ್ಜೆ 6: ಕೊಂಡರೆ, ಒಂದು ಮಾತ್ರೆ ಚುಚ್ಚಿ ಮೂಸಿ

ಒಮೆಗಾ-3 ಗಾಳಿ, ಬೆಳಕು, ಬಿಸಿಗೆ ಬೇಗ ಕೆಡುವ ಕೊಬ್ಬು. ಹೊಸ ಡಬ್ಬಿ ತೆರೆದಾಗ ಒಂದು ಮಾತ್ರೆಯನ್ನು ಗುಂಡುಸೂಜಿಯಿಂದ ಚುಚ್ಚಿ, ಎಣ್ಣೆಯನ್ನು ಚಮಚಕ್ಕೆ ಹಿಂಡಿ ಮೂಸಿ. ಹಸಿ ಮೀನಿನ ತೆಳು ವಾಸನೆ ಸಹಜ. ಮೂಗಿಗೆ ಅಡರುವ ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ ಎಂದೇ ಅರ್ಥ, ಅಂಗಡಿಗೆ ವಾಪಸ್ ಮಾಡಿ. ನಿಂಬೆಯ ಪರಿಮಳ ಸೇರಿಸಿದ ಮಾತ್ರೆಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಪರಿಮಳವೇ ಕಮಟನ್ನು ಮುಚ್ಚಿಬಿಡುತ್ತದೆ. ಡಬ್ಬಿಯನ್ನು ತಂಪಾದ ಕತ್ತಲೆಯ ಜಾಗದಲ್ಲಿಡಿ. ಒಲೆಯ ಮೇಲಿನ ಕಪಾಟು, ಬಿಸಿಲಿಗೆ ನಿಂತ ಕಾರು ಎರಡೂ ಬೇಡ.

ಊಟದ ಜೊತೆಗೇ ನುಂಗಿ. ಹಲವು ಮಾತ್ರೆಗಳಲ್ಲಿರುವುದು ಈಥೈಲ್ ಎಸ್ಟರ್ ಎಂಬ ರಾಸಾಯನಿಕ ರೂಪದ ಒಮೆಗಾ-3. ಊಟದಲ್ಲಿ ಒಂದಿಷ್ಟು ಜಿಡ್ಡು ಇದ್ದರೆ ಅದು ಚೆನ್ನಾಗಿ ಮೈಗೂಡುತ್ತದೆ, ಮೀನಿನ ತೇಗೂ ಕಡಿಮೆಯಾಗುತ್ತದೆ.

ಹೆಜ್ಜೆ 7: ಮಾತ್ರೆಗೆ ಮೊದಲು ಮೀನು, ಇಲ್ಲವೇ ಪಾಚಿ

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ವಾರಕ್ಕೆ ಎರಡು ಬಾರಿ ಮೀನು, ಅದರಲ್ಲೂ ಜಿಡ್ಡಿನ ಮೀನು ತಿನ್ನಲು ಹೇಳುತ್ತದೆ. ಅದಕ್ಕಾಗಿ ದುಬಾರಿ ಸಾಲ್ಮನ್ ಹುಡುಕುವ ಅಗತ್ಯ ನಮಗಿಲ್ಲ. ಕರಾವಳಿಯ ಬೂತಾಯಿ ಮತ್ತು ಬಂಗುಡೆ ಒಮೆಗಾ-3 ತುಂಬಿದ ಮೀನುಗಳು. ಬೂತಾಯಿಯ ಕೊಬ್ಬು ಋತುವಿನೊಂದಿಗೆ ಏರಿಳಿಯುತ್ತದೆ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಬರುವ ಕೊಬ್ಬಿದ ಬೂತಾಯಿಯ ರುಚಿ ಮಂಗಳೂರು, ಮಲ್ಪೆಯವರಿಗೆ ಗೊತ್ತೇ ಇದೆ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಒಮೆಗಾ-3 ಒಂದಿಷ್ಟು ನಷ್ಟವಾಗಿ ಅಡುಗೆ ಎಣ್ಣೆ ಒಳಸೇರುತ್ತದೆ. ಪುಳಿಮುಂಚಿಯೋ ಗಸಿಯೋ ಮಾಡಿ, ಸಾರನ್ನೂ ಬಿಡದೆ ಉಣ್ಣಿ.

ಸಸ್ಯಾಹಾರಿಗಳಿಗೆ ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿ ಒಳ್ಳೆಯ ಆಹಾರ. ಅಗಸೆಯನ್ನು ಪುಡಿ ಮಾಡಿಯೇ ತಿನ್ನಬೇಕು, ಇಡೀ ಬೀಜ ಹಾಗೆಯೇ ಹೊರಹೋಗುತ್ತದೆ. ಆದರೆ ಅದರಲ್ಲಿರುವುದು ಎಎಲ್‌ಎ ಎಂಬ ಬೇರೆ ಒಮೆಗಾ-3. ನಮ್ಮ ದೇಹ ಅದರಲ್ಲಿ ಅಲ್ಪಭಾಗವನ್ನಷ್ಟೇ ಇಪಿಎ ಆಗಿ, ಇನ್ನೂ ಕಡಿಮೆಯನ್ನು ಡಿಎಚ್‌ಎ ಆಗಿ ಬದಲಿಸುತ್ತದೆ. ವೈದ್ಯರು ಇಪಿಎ, ಡಿಎಚ್‌ಎಯೇ ಬೇಕೆಂದರೆ ಪಾಚಿಯ ಎಣ್ಣೆಯ ಮಾತ್ರೆ ಕೇಳಿ. ಮೀನಿಗೂ ಒಮೆಗಾ-3 ಮೂಲತಃ ಸಿಗುವುದು ಕಡಲಿನ ಸೂಕ್ಷ್ಮ ಪಾಚಿಗಳಿಂದಲೇ. ಕೊಳ್ಳುವಾಗ ಹೊರಕವಚ ಪ್ರಾಣಿಜನ್ಯ ಜೆಲಟಿನ್ ಅಲ್ಲ ಎಂಬುದನ್ನು ಹಸಿರು ಚುಕ್ಕೆ ನೋಡಿ ಖಚಿತಪಡಿಸಿಕೊಳ್ಳಿ.

ಹೆಜ್ಜೆ 8: ಮೂರು ತಿಂಗಳಿಗೆ ಲೆಕ್ಕ ಕೇಳಿ

ಶುರುಮಾಡಿದ ದಿನಾಂಕವನ್ನು ಡಬ್ಬಿಯ ಮೇಲೆಯೇ ಪೆನ್ನಿನಿಂದ ಬರೆಯಿರಿ. ಟ್ರೈಗ್ಲಿಸರೈಡಿಗೆಂದು ತೆಗೆದುಕೊಂಡಿದ್ದರೆ ಎರಡು ಮೂರು ತಿಂಗಳ ಬಳಿಕ ಅದೇ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷೆ ಮಾಡಿಸಿ, ಎರಡು ವರದಿಗಳನ್ನೂ ವೈದ್ಯರ ಮುಂದಿಡಿ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲಿನ ಅಂಕಿಯನ್ನೂ ನೋಡಲು ಹೇಳಿ, ಡಿಎಚ್‌ಎ ಇರುವ ಮಾತ್ರೆಗಳಿಂದ ಅದು ಕೆಲವರಲ್ಲಿ ಏರುತ್ತದೆ. ಖಿನ್ನತೆಯ ಚಿಕಿತ್ಸೆಯ ಜೊತೆಗೆ ತೆಗೆದುಕೊಂಡಿದ್ದರೆ, ಸುಧಾರಣೆ ಇದೆಯೇ ಎಂದು ಮನೆಯವರನ್ನೂ ಕೇಳಿ, ವೈದ್ಯರಿಗೆ ತಿಳಿಸಿ. ಎರಡರಲ್ಲೂ ಬದಲಾವಣೆ ಇಲ್ಲವೆಂದಾದರೆ ಅವರನ್ನು ಕೇಳಿ ಮೀನೆಣ್ಣೆಯನ್ನು ನಿಲ್ಲಿಸಿ. ಸ್ಟ್ಯಾಟಿನ್, ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.