ನಿಲ್ಲಿಸಿದಾಗ ಬರುತ್ತಿದ್ದ 'ಟಕ್' ಸದ್ದು ಹೋಗಿದ್ದು ಹೀಗೆ

ನನ್ನ ಹಳೆಯ ಎಸ್‌ಯುವಿ ಸಿಗ್ನಲ್‌ನಲ್ಲಿ ಪೂರ್ತಿ ನಿಂತ ಮೇಲೆ ಕೆಳಗಡೆ 'ಟಕ್' ಅನ್ನುತ್ತಿತ್ತು, ಹಿಂದಿನಿಂದ ಯಾರೋ ಗುದ್ದಿದ ಹಾಗೆ. ಹೊರಡುವಾಗಲೂ ಅದೇ.

ಗೇರ್‌ಬಾಕ್ಸ್ ಮೌಂಟ್ ಬದಲಾಯಿಸಿದೆ, ಡಿಫರೆನ್ಷಿಯಲ್ ಆಯಿಲ್ ಹೊಸದು ಹಾಕಿದೆ. ಸುಮ್ನೆ ದುಡ್ಡು ದಂಡ. ಯು-ಜಾಯಿಂಟ್ ಅನ್ನೋ ಬಾಗುವ ಕೀಲಿನಲ್ಲಿ ಸಡಿಲವೂ ಇರಲಿಲ್ಲ.

ಸಮಸ್ಯೆ ಇದ್ದದ್ದು ಡ್ರೈವ್‌ಶಾಫ್ಟ್‌ನ (ಗೇರ್‌ಬಾಕ್ಸಿನ ಬಲವನ್ನು ಹಿಂದಿನ ಚಕ್ರಗಳತ್ತ ಒಯ್ಯುವ ದಂಡ) ಸ್ಲಿಪ್ ಯೋಕ್‌ನಲ್ಲಿ, ಅಂದರೆ ಒಳಗೆ ಹೊರಗೆ ಜಾರುವ ತುಂಡಿನಲ್ಲಿ. ಬ್ರೇಕ್ ಹಾಕಿದಾಗ ಗಾಡಿಯ ಹಿಂಭಾಗ ಏಳುತ್ತದೆ, ಶಾಫ್ಟಿನ ಉದ್ದವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಯೋಕ್ ಜಾರುವ ಉದ್ದುದ್ದ ಹಲ್ಲುಗಳು, ಅಂದರೆ ಸ್ಪ್ಲೈನ್, ಒಣಗಿದ್ದರೆ ಯೋಕ್ ಕಚ್ಚಿಕೊಂಡಿದ್ದು ಒಮ್ಮೆಲೇ ಬಿಡುತ್ತದೆ, ಅದೇ ಆ 'ಟಕ್'.

ಮೊದಲು ಚಕ್ರಗಳಿಗೆ ಅಡ್ಡ ಕೊಡಿ. ಶಾಫ್ಟ್ ಬಿಚ್ಚಿದರೆ ಗೇರ್ ಗಾಡಿಯನ್ನು ಹಿಡಿಯುವುದಿಲ್ಲ. ಫ್ಲೇಂಜ್ (ಶಾಫ್ಟನ್ನು ಬೋಲ್ಟ್ ಮಾಡುವ ತಟ್ಟೆ), ಯೋಕ್ ಎರಡಕ್ಕೂ ಪೇಂಟ್ ಗುರುತು ಹಾಕಿ. ಗುರುತು ತಪ್ಪಿ ಜೋಡಿಸಿದರೆ ನಡುಕ ಶುರುವಾಗುತ್ತದೆ. ಯೋಕ್ ಎಳೆದು ತೆಗೆದು, ಸ್ಪ್ಲೈನ್‌ನ ಕಂದು ಗಟ್ಟಿ ಗ್ರೀಸನ್ನು ಸೀಮೆಎಣ್ಣೆ, ಬ್ರಷ್‌ನಿಂದ ಉಜ್ಜಿ ಒಣಗಿಸಿ. ಮೋಲಿ (ಮಾಲಿಬ್ಡಿನಮ್ ಡೈಸಲ್ಫೈಡ್) ಇರುವ, ಎನ್‌ಎಲ್‌ಜಿಐ 2 ಗಟ್ಟಿತನದ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿ, ಗುರುತಿಗೆ ಸರಿಯಾಗಿ ಜೋಡಿಸಿ. ಬೋಲ್ಟುಗಳನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಆಮೇಲೆ ಯೋಕ್‌ನ ಗ್ರೀಸ್ ತುಂಬುವ ನಿಪ್ಪಲ್ ಒರೆಸಿ ಗ್ರೀಸ್ ಗನ್ನಿನಿಂದ ನಿಧಾನಕ್ಕೆ ಒತ್ತಿ. ಯೋಕ್ ಒಂಚೂರು ಹೊರಗೆ ಸರಿಯಿತು ಅನ್ನಿಸಿದ ತಕ್ಷಣ ನಿಲ್ಲಿಸಿ. ಜಾಸ್ತಿ ತುಂಬಿದರೆ ಶಾಫ್ಟ್ ಕುಗ್ಗಲು ಜಾಗವಿಲ್ಲದೆ ಬೇರಿಂಗ್‌ಗಳ ಮೇಲೆ ಒತ್ತಡ ಬೀಳುತ್ತದೆ. ಯು-ಜಾಯಿಂಟ್‌ಗೆ ಮಾತ್ರ ನಾಲ್ಕೂ ಸೀಲಿನಿಂದ ಹೊಸ ಗ್ರೀಸ್ ಇಣುಕುವವರೆಗೂ ಒತ್ತಬಹುದು.