ಖಾನ್ ಲೀ ಹಾಡುಗಳನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು?

ವಿಯೆಟ್ನಾಂ ಭಾಷೆಯ ಒಂದು ಪದವೂ ಗೊತ್ತಿಲ್ಲದೆ ಅಲ್ಲಿನ ಗಾಯಕಿ ಖಾನ್ ಲೀ ಅವರ ಹಾಡು ಕೇಳಬಹುದಾ? ಖಂಡಿತ ಕೇಳಬಹುದು. ಆದರೆ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದು ಮುಖ್ಯ. ನಾನು ಮೊದಲು ನೋಡಿದ್ದು ಅಮೆರಿಕದ ದೊಡ್ಡ ವೇದಿಕೆಯ ವಿಡಿಯೊ. ದೀಪಗಳು, ವಾದ್ಯಮೇಳ, ಎಲ್ಲಾ ಇತ್ತು. ಮನಸ್ಸಿಗೆ ಮಾತ್ರ ಇಳಿಯಲಿಲ್ಲ. ಹಳೆಯ ಟೇಪಿನ ದನಿ ಕೇಳಿದ ಮೇಲೆ ಬಿಡಲಾಗಲಿಲ್ಲ. ಹಾಗಾಗಿ ಒಂದೇ ಹಾಡು ಹಿಡಿಯಿರಿ, ಅದನ್ನೇ ಅವರ ಬದುಕಿನ ಬೇರೆ ಬೇರೆ ಕಾಲದಲ್ಲಿ ಕೇಳುತ್ತಾ ಹೋಗಿ.

ಮೊದಲು ಹುಡುಕುವ ಕೆಲಸ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೆ-ಎಚ್-ಎ-ಎನ್-ಎಚ್, ಜಾಗ ಬಿಟ್ಟು ಎಲ್-ವೈ ಅಂತ ಟೈಪ್ ಮಾಡಿ. ನಾವು ಹಿಡಿಯುವ ಹಾಡು 'ಜಿಯೆಮ್ ಸುಅ', ಅದಕ್ಕೆ ಡಿ-ಐ-ಇ-ಎಂ, ಜಾಗ ಬಿಟ್ಟು ಎಕ್ಸ್-ಯು-ಎ. ಇದರ ಜೊತೆ ಟಿ-ಆರ್-ಯು-ಒ-ಸಿ 1975 ಅಂತ ಸೇರಿಸಿ. 'ಟ್ರುಅಕ್' ಅಂದರೆ 'ಮುಂಚೆ'. ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ 1975ರಲ್ಲಿ ಉತ್ತರದ ಸೈನ್ಯದ ಕೈಗೆ ಬೀಳುವ ಮುಂಚಿನ ಧ್ವನಿಮುದ್ರಣಗಳನ್ನು ಅಲ್ಲಿನವರು ಹಾಗೇ ಗುರುತಿಸುತ್ತಾರೆ. 1974ರ 'ಸಾನ್ ಕಾ 7' ಅನ್ನುವ ಟೇಪ್ ಸಿಕ್ಕರೆ ಅದನ್ನೇ ಮೊದಲು ಕೇಳಿ.

ಕೇಳುವ ಮುಂಚೆ ಇಷ್ಟು ತಿಳಿದಿರಲಿ. ಖಾನ್ ಲೀ ಹುಟ್ಟಿದ್ದು 1945ರಲ್ಲಿ, ಹನೋಯ್‌ನಲ್ಲಿ. 1954ರಲ್ಲಿ ದೇಶ ಎರಡಾದ ಮೇಲೆ ದಕ್ಷಿಣಕ್ಕೆ ಬಂದರು. 1964ರಲ್ಲಿ ದಲಾತ್ ಅನ್ನುವ ಬೆಟ್ಟದ ಊರಲ್ಲಿ ಹಾಡುತ್ತಿದ್ದಾಗ ತ್ರಿನ್ ಕೋಂಗ್ ಸಾನ್ ಅನ್ನುವ ಹಾಡುಗಾರ-ಕವಿ ಸಿಕ್ಕರು. 1967ರ ಹೊತ್ತಿಗೆ ಇಬ್ಬರೂ ಸೈಗಾನ್‌ನಲ್ಲಿ, ಸಾಹಿತ್ಯ ಕಾಲೇಜಿನ ಹಿಂದಿನ ಬಯಲಿನಲ್ಲಿ ಎದ್ದ ಒಂದು ಸಾದಾ ಕಾಫಿ ಅಂಗಡಿಯಲ್ಲಿ ತ್ರಿನ್ ಬರೆದ ಹಾಡುಗಳನ್ನು ಹಾಡತೊಡಗಿದರು. ಅದರ ಹೆಸರು ಕ್ವಾನ್ ವನ್. ಒಂದು ಗಿಟಾರ್, ನೆಲದ ಮೇಲೆ ಕೂತ ವಿದ್ಯಾರ್ಥಿಗಳು, ಬರಿಗಾಲಲ್ಲಿ ನಿಂತು ಹಾಡುವ ಹುಡುಗಿ. ಹೊರಗೆ ಯುದ್ಧ ನಡೆದಿತ್ತು, ಸೈನ್ಯಕ್ಕೆ ಕರೆ ಬರುವ ವಯಸ್ಸಿನ ಹುಡುಗರೇ ಎದುರಿಗೆ ಕೂತು ಯುದ್ಧ ಬೇಡ ಅನ್ನುವ ಹಾಡು ಕೇಳುತ್ತಿದ್ದರು. ಸೈಗಾನ್ ಸರ್ಕಾರ ಆ ಹಾಡುಗಳನ್ನು ನಿಷೇಧಿಸಿತು.

ಈಗ ಕಣ್ಣು ಮುಚ್ಚಿ ಕೇಳಿ. ದನಿ ತಗ್ಗಿನಲ್ಲೇ ಇರುತ್ತದೆ, ಸ್ವಲ್ಪ ಒರಟು, ಎಲ್ಲೂ ಕೂಗುವುದಿಲ್ಲ. ರಾಗ ಮಾತಿನ ಹಾಗೇ ಏರಿ ಇಳಿಯುತ್ತದೆ, ಅದನ್ನು ಗಮನಿಸಿ. ಆ ಭಾಷೆಯಲ್ಲಿ 'ಮಾ' ಅನ್ನುವ ಒಂದೇ ಪದವನ್ನು ಸಮವಾಗಿ ಹೇಳಿದರೆ ದೆವ್ವ, ದನಿ ಏರಿಸಿದರೆ ಅಮ್ಮ, ಇಳಿಸಿದರೆ 'ಆದರೆ'. ಹಾಡು ಕಟ್ಟುವವರು ರಾಗವನ್ನು ಈ ಏರಿಳಿತಕ್ಕೆ ಹೊಂದಿಸಲೇಬೇಕು, ಇಲ್ಲದಿದ್ದರೆ ಅರ್ಥವೇ ಕೆಡುತ್ತದೆ. ಅರ್ಥ ಗೊತ್ತಿಲ್ಲದಿದ್ದರೂ ಯಾರೋ ಹತ್ತಿರ ಕೂತು ಮಾತಾಡುತ್ತಿದ್ದಾರೆ ಅನ್ನಿಸುವುದು ಇದಕ್ಕೇ. ಅನುವಾದ ಓದಬೇಡಿ, ಈಗಲೇ ಬೇಡ. ಮೂರು ಸಲ ಸುಮ್ನೆ ಕೇಳಿ, ಆಮೇಲೆ ಓದಿ.

ಎರಡನೆಯ ಕಾಲ ಅಮೆರಿಕದ್ದು. 1975ರ ಏಪ್ರಿಲ್ ಕೊನೆಯಲ್ಲಿ ಖಾನ್ ಲೀ ದೇಶ ಬಿಟ್ಟು, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದರು. ತ್ರಿನ್ ಕೋಂಗ್ ಸಾನ್ ವಿಯೆಟ್ನಾಂನಲ್ಲೇ ಉಳಿದರು. 1983ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ 'ಪ್ಯಾರಿಸ್ ಬೈ ನೈಟ್' ವಿಡಿಯೊಗಳು ಹೊರದೇಶದ ವಿಯೆಟ್ನಾಂ ಮನೆಮನೆಗೂ ತಲುಪುತ್ತಿದ್ದವು, ಅದರಲ್ಲಿ ಇವರೂ ಹಾಡಿದ್ದಾರೆ. ಇಲ್ಲಿ ವಾದ್ಯ ಜಾಸ್ತಿ, ಗಿಟಾರ್ ಮುಳುಗುತ್ತದೆ. ವಾದ್ಯ ಬಿಟ್ಟು ದನಿಯ ಹಿಂದೆ ಹೋಗಿ. ಕೇಳುವವರು ಊರು ಬಿಟ್ಟು ಬಂದವರು, ಹಾಗಾಗಿ ಹಳೆಯ ಪ್ರೇಮದ ಹಾಡು ಕೂಡ ಕಳೆದುಹೋದ ಊರಿನ ಹಾಡಾಗಿ ಕೇಳಿಸುತ್ತದೆ. ನನಗೆ ಅತಿ ಇಷ್ಟವಾದ ಕಾಲ ಇದಲ್ಲ, ಆದರೆ ಬಿಟ್ಟು ಮುಂದೆ ಹೋದರೆ ಮೂರನೆಯದು ಅರ್ಥವಾಗುವುದಿಲ್ಲ.

ಮೂರನೆಯದು ವಾಪಸ್ ಬಂದದ್ದು. 2014ರ ಮೇ ತಿಂಗಳಲ್ಲಿ ಹನೋಯ್‌ನಲ್ಲಿ ಕಛೇರಿ ಕೊಟ್ಟರು. ಆಗ ಅವರಿಗೆ 69 ವರ್ಷ, ತ್ರಿನ್ ಕೋಂಗ್ ಸಾನ್ ತೀರಿಕೊಂಡು 13 ವರ್ಷ ಆಗಿತ್ತು. ಉಸಿರು ಕಡಿಮೆಯಾಗಿದೆ, ಸಾಲುಗಳು ಚಿಕ್ಕದಾಗಿ ಮುರಿಯುತ್ತವೆ. ದಯವಿಟ್ಟು ಇದನ್ನು ಹಳೆಯ ಟೇಪಿನ ಜೊತೆ ತೂಗಬೇಡಿ. ಅದೇ ಹುಡುಗಿ ಅದೇ ಮಾತನ್ನು ನಲವತ್ತು ವರ್ಷದ ನಂತರ ಹೇಳುತ್ತಿದ್ದಾಳೆ, ಅಷ್ಟೇ ಅಲ್ವಾ?

ಕೊನೆಗೆ 2022ರ ದಲಾತ್ ಕಛೇರಿಯ ಸುದ್ದಿ ಹುಡುಕಿ. ಒಬ್ಬ ತಾಯಿ ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯ ಬಗ್ಗೆ ತ್ರಿನ್ 1960ರ ದಶಕದಲ್ಲಿ ಬರೆದ ಹಾಡನ್ನು ಅವರು ಅಲ್ಲಿ ಹಾಡಿದರು. ಆಸ್ತಿ ಅಂದರೆ ಸಾವಿರ ವರ್ಷದ ಚೀನಾ ಆಳ್ವಿಕೆ, ನೂರು ವರ್ಷದ ಫ್ರೆಂಚ್ ಆಳ್ವಿಕೆ, ಇಪ್ಪತ್ತು ವರ್ಷದ ಅಂತರ್ಯುದ್ಧ. ಈಗಿನ ವಿಯೆಟ್ನಾಂ ಸರ್ಕಾರದ ಪ್ರಕಾರ ಆ ಇಪ್ಪತ್ತು ವರ್ಷದ ಯುದ್ಧ ಅಮೆರಿಕದ ವಿರುದ್ಧದ ಹೋರಾಟ, ಅಂತರ್ಯುದ್ಧ ಅಲ್ಲ. ಹಾಡಿಗೆ ಪರವಾನಗಿ ಇರಲಿಲ್ಲ ಅಂತ ದೊಡ್ಡ ಗಲಾಟೆಯಾಯಿತು. ಈ ಹಾಡಿಗೆ ಮಾತ್ರ ಅನುವಾದ ಮೊದಲೇ ಓದಿಕೊಂಡು ಕೂರಿ.