ಕೀ ಆಮೇಲೆ, ಮೊದಲು ಬಾನೆಟ್: ವರ್ಷಗಟ್ಟಲೆ ನಿಂತ ಹಳೇ ಕಾರು ಸ್ಟಾರ್ಟ್ ಮಾಡುವುದು ಹೇಗೆ?

ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ಶೆಡ್ಡಿನಲ್ಲಿ ಹುಡುಕಿದರೆ ಹಳೇ ಗಾಡಿ ಒಂದಾದರೂ ಸಿಗುತ್ತದೆ. ಗೊಬ್ಬರದ ಚೀಲ, ಔಷಧಿ ಹೊಡೆಯುವ ಪಂಪು, ಮುರಿದ ಏಣಿ. ಅದರ ಹಿಂದೆ ಟಾರ್ಪಾಲು ಹೊದ್ದ ಅಂಬಾಸಡರ್, ಇಲ್ಲವೇ ಜೀಪು, ಇಲ್ಲವೇ ಪದ್ಮಿನಿ. ನಮ್ಮನೆಯದ್ದು ಪದ್ಮಿನಿ. ಆಲ್ದೂರಿನ ಹತ್ತಿರದ ತೋಟದಲ್ಲಿ ಅಪ್ಪನ ಆ ಕಾರು ಆರು ಮಳೆಗಾಲ ಕದಲದೆ ನಿಂತಿತ್ತು.

ದಸರಾ ರಜೆಯಲ್ಲಿ ನನಗೆ ಇದ್ದಕ್ಕಿದ್ದಂತೆ ಹುಮ್ಮಸ್ಸು ಬಂತು. ಹೊಸ ಬ್ಯಾಟರಿ ತಂದು ಕೂರಿಸಿದೆ, ಕೀ ತಿರುಗಿಸಿದೆ. ಇಂಜಿನ್ ಗರಗರ ಸುತ್ತಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ನಾಲ್ಕು ಜನರನ್ನು ಕರೆದು ತಳ್ಳಿಸಿದೆ. ಹಿಂದಿನ ಒಂದು ಚಕ್ರ ತಿರುಗಲೇ ಇಲ್ಲ, ಮಣ್ಣಿನ ಮೇಲೆ ಗೆರೆ ಎಳೆದುಕೊಂಡು ಬಂತು. ಕೊನೆಗೆ ಪೇಟೆಯಿಂದ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಕಾರು ನೋಡುವ ಮೊದಲೇ ಕೈ ಚಾಚಿದರು. "ಕೀ ಕೊಡಿ ಸಾರ್." ಕೊಟ್ಟೆ. ಜೇಬಿಗೆ ಹಾಕಿಕೊಂಡರು. "ಇದು ಆಮೇಲೆ. ಮೊದ್ಲು ಬಾನೆಟ್ ಎತ್ತಿ."

ಎರಡು ದಿನ ಅವರ ಪಕ್ಕ ನಿಂತು ಕಲಿತದ್ದು ಇದು. ಮುಂಬೈನ ಕುರ್ಲಾದ ಕಾರ್ಖಾನೆಯಿಂದ ಬರುತ್ತಿದ್ದ ಪದ್ಮಿನಿಯ ಇಂಜಿನ್ 1,089 ಸಿಸಿಯದ್ದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಇಲ್ಲಾ ಮೂಗಿಗೆ ಗೊತ್ತಾಗುತ್ತದೆ. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕೂಡಿಸಿ ಕಡಿಯುವ ಸ್ವಿಚ್ಚು) ಮತ್ತು ಕಾರ್ಬರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಯಾವ ಹಳೇ ಪೆಟ್ರೋಲ್ ಗಾಡಿಗಾದರೂ ಕ್ರಮ ಹೆಚ್ಚುಕಮ್ಮಿ ಇದೇ.

ಯಾರ್ಯಾರು ಮನೆ ಮಾಡಿದ್ದಾರೆ ನೋಡಿ

ಮೊದಲು ಇಲಿ. ವೈರುಗಳ ಮೇಲಿನ ಪ್ಲಾಸ್ಟಿಕ್ ಅವಕ್ಕೆ ಬಲು ಇಷ್ಟ. ಬರಿಮೈ ವೈರು ಎಲ್ಲಾದರೂ ಬಾಡಿಗೆ ತಾಗಿದ್ದರೆ, ಬ್ಯಾಟರಿ ಜೋಡಿಸಿದ ಕ್ಷಣವೇ ಹೊಗೆ. ಹಾಗಾಗಿ ವೈರನ್ನೆಲ್ಲ ಕೈಯಲ್ಲಿ ಹಿಡಿದು ಉದ್ದಕ್ಕೂ ನೋಡಬೇಕು. ಆಮೇಲೆ ಏರ್ ಕ್ಲೀನರ್ ಮುಚ್ಚಳ ತೆಗೆಯಿರಿ. ನಮ್ಮದರಲ್ಲಿ ಕಾಫಿ ಸಿಪ್ಪೆ, ಗೋಣಿಚೀಲದ ನಾರು, ಸೀಟಿನ ಒಳಗಿನ ಹತ್ತಿ, ಎಲ್ಲಾ ಸೇರಿಸಿ ಅಚ್ಚುಕಟ್ಟಾಗಿ ಕಟ್ಟಿದ ಗೂಡಿತ್ತು. ನಾನು ಸೆಲ್ಫ್ ಹೊಡೆದಾಗ ಇಂಜಿನ್ ಉಸಿರೆಳೆಯಲು ನೋಡಿದ್ದು ಇದರ ಮೂಲಕ! ಸೈಲೆನ್ಸರ್ ಬಾಯಿಯನ್ನೂ ನೋಡಿ. ಕಡಜ ಮಣ್ಣು ಮೆತ್ತಿ ಮುಚ್ಚಿರುವುದುಂಟು.

ಡಿಪ್‌ಸ್ಟಿಕ್, ಅಂದರೆ ಇಂಜಿನ್ ಆಯಿಲ್ ಅಳೆಯುವ ಕಡ್ಡಿ, ಎಳೆಯಿರಿ. ಆಯಿಲ್ ಕಪ್ಪಗಿದ್ದರೆ ಚಿಂತೆಯಿಲ್ಲ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಪೆಟ್ರೋಲ್ ವಾಸನೆ ಹೊಡೆದರೆ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಒಳಗಿನ ಪೊರೆ (ಡಯಾಫ್ರಮ್) ಹರಿದಿರಬಹುದು. ಎಲ್ಲಾ ಸರಿಯಿದ್ದರೂ ಇಷ್ಟು ವರ್ಷದ ಆಯಿಲ್ ಇಳಿಸಿ ಹೊಸದು ಹಾಕುವುದೇ ಮೇಲು. ರೇಡಿಯೇಟರ್ ನೀರೂ ಅಷ್ಟೇ.

ಕೈಯಲ್ಲಿ ತಿರುಗುತ್ತಾ?

ಸಿಲಿಂಡರಿನೊಳಗೆ ಕಿಡಿ ಕೊಡುವ ನಾಲ್ಕೂ ಪ್ಲಗ್ ಬಿಚ್ಚಿ. ಯಾವ ವೈರು ಯಾವ ಪ್ಲಗ್ಗಿನದ್ದು ಅಂತ ಮೊದಲೇ ಗುರುತು ಹಾಕಿಕೊಳ್ಳಿ. ಪದ್ಮಿನಿ, ಅಂಬಾಸಡರ್ ಎರಡರ ಫೈರಿಂಗ್ ಕ್ರಮವೂ, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿಯೂ, 1-3-4-2. ಒಂದೊಂದು ತೂತಿಗೂ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಮಲೆನಾಡಿನ ತೇವಕ್ಕೆ ಸಿಲಿಂಡರ್ ಒಳಗೆ ತೆಳ್ಳಗೆ ತುಕ್ಕು ಕಟ್ಟಿರುತ್ತದೆ, ಪಿಸ್ಟನ್ ಸುತ್ತಲಿನ ರಿಂಗ್ ಹಿಡಿದುಕೊಂಡಿರುತ್ತದೆ. ಒಣಗಿದ್ದಾಗಲೇ ಸೆಲ್ಫ್ ಹೊಡೆದರೆ ರಿಂಗ್ ಮುರಿಯಬಹುದು, ಸಿಲಿಂಡರ್ ಗೀರಬಹುದು. ನಾನು ಆಗಲೇ ಹೊಡೆದಾಗಿದೆ ಎಂದು ಹೇಳಿದಾಗ ಮೆಕ್ಯಾನಿಕ್ ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಬೆಳಿಗ್ಗೆ ಗೇರ್ ನ್ಯೂಟ್ರಲ್ ಮಾಡಿ, ಫ್ಯಾನ್ ಬೆಲ್ಟನ್ನು ಒತ್ತಿ ಹಿಡಿದು ಫ್ಯಾನ್ ತಿರುಗಿಸಿ. ಪ್ಲಗ್ ಇಲ್ಲದಿದ್ದಾಗ ಇಂಜಿನ್ ಹಗುರಾಗಿ ಸುತ್ತುತ್ತದೆ. ಬೆಲ್ಟ್ ಜಾರಿದರೆ ಕೆಳಗಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಇನ್ನಷ್ಟು ಆಯಿಲ್ ಬಿಟ್ಟು ಇನ್ನೊಂದು ದಿನ ಕಾಯಿರಿ.

ಬ್ಯಾಟರಿಯ ಬಗ್ಗೆ ಹೇಳುವುದು ಕಮ್ಮಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಅದು ಸಾಲದು. ಟರ್ಮಿನಲ್‌ನ ಬಿಳಿ ಹುಡಿಯನ್ನು ಬಿಸಿನೀರು ಮತ್ತು ಅಡುಗೆ ಸೋಡಾದಲ್ಲಿ ತೊಳೆಯಿರಿ. ಇಂಜಿನ್ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿಯನ್ನು ಜನ ಮರೆಯುತ್ತಾರೆ. ಅದರ ತುದಿಯ ತುಕ್ಕನ್ನೂ ಉಜ್ಜಿ.

ಕಿಡಿ

ನಮ್ಮ ಕಾರಿನ ರೋಗ ಇದ್ದದ್ದು ಇಲ್ಲಿ. ನನ್ನ ಅಂದಾಜಿನಲ್ಲಿ ನಮ್ಮ ಕಡೆಯ ತೇವಕ್ಕೆ ನಿಂತ ಗಾಡಿಗಳಲ್ಲಿ ಜಾಸ್ತಿ ಇರುವುದೂ ಇಲ್ಲೇ.

ನಾಲ್ಕೂ ಪ್ಲಗ್ಗಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಒಳಗೆ ಕೂದಲೆಳೆಯಂಥ ಕಪ್ಪು ಬಿರುಕು ಇದ್ದರೆ ಬದಲಾಯಿಸಲೇಬೇಕು. ಪಾಚಿಯಂತೆ ಹಸಿರು ಕಟ್ಟಿದ್ದರೆ ಒರೆಸಿದರೆ ಸಾಕು. ಒಳಗೆ ಸುತ್ತುವ ರೋಟರ್ ಎತ್ತಿದರೆ ಕೆಳಗೆ ಪಾಯಿಂಟ್. ಉದ್ದಿನಕಾಳಿನಷ್ಟು ಸಣ್ಣ ಎರಡು ಲೋಹದ ಮುಖಗಳು, ಒಂದಕ್ಕೊಂದು ಮುತ್ತಿಕ್ಕಿಕೊಂಡು ನಿಂತಿರುತ್ತವೆ. ನಮ್ಮದರಲ್ಲಿ ಅವುಗಳ ಮೇಲೆ ಬೂದು ಬಣ್ಣದ ಪೊರೆ ಬೆಳೆದಿತ್ತು. ಕಣ್ಣಿಗೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಆ ಪೊರೆ ಕರೆಂಟನ್ನು ತಡೆಯುತ್ತದೆ. ಪಾಯಿಂಟ್ ಕೂಡಿದಾಗ ಕಾಯಿಲ್‌ಗೆ (ಬ್ಯಾಟರಿಯ ವೋಲ್ಟೇಜ್ ಏರಿಸುವ ಸುರುಳಿ) ಕರೆಂಟ್ ಹರಿದು, ಬಿಟ್ಟಾಗ ಕಡಿಯಬೇಕು. ಆ ಕಡಿತದಿಂದಲೇ ಕಿಡಿ ಹುಟ್ಟುವುದು. ಹರಿಯದಿದ್ದರೆ ಕಡಿಯುವುದೇನು?

ಮೆಕ್ಯಾನಿಕ್ ನಯವಾದ ಉಪ್ಪುಕಾಗದವನ್ನು ಮಡಚಿ ನಡುವೆ ತೂರಿಸಿ ನಾಲ್ಕೈದು ಸಲ ಎಳೆದರು. ಆಮೇಲೆ ಡ್ಯಾಶ್‌ಬೋರ್ಡಿನೊಳಗೆ ಬಿದ್ದಿದ್ದ ಯಾರದೋ ಮದುವೆಯ ಲಗ್ನಪತ್ರಿಕೆಯ ಮೂಲೆ ಹರಿದು, ಅದನ್ನೂ ನಡುವೆ ಎಳೆದರು. ಮೊದಲ ಸಲ ಕಾಗದದ ಮೇಲೆ ಕಪ್ಪು ಗೆರೆ. ಮೂರನೆಯ ಸಲಕ್ಕೆ ಗೆರೆಯೇ ಇಲ್ಲ. ಪುಡಿ ಉಳಿದರೆ ಮತ್ತೆ ಅದೇ ಕಥೆ, ಅದಕ್ಕೇ ಈ ಕಾಗದದ ಉಪಾಯ. ಆಮೇಲೆ ಪಾಯಿಂಟ್ ಪೂರ್ತಿ ತೆರೆಯುವ ಹಾಗೆ ಇಂಜಿನ್ ತಿರುಗಿಸಿ ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡು) ಸಂದು ನೋಡಬೇಕು. ಸುಮಾರು 0.45 ಮಿ.ಮೀ. ಇರಲಿ.

ಪರೀಕ್ಷೆ ಹೀಗೆ. ಕಾಯಿಲ್‌ನಿಂದ ಕ್ಯಾಪಿನ ನಡುವೆ ಬರುವ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಇಂಜಿನ್‌ನಿಂದ 5 ಮಿ.ಮೀ. ದೂರ ಹಿಡಿಯಿರಿ. ಇಗ್ನಿಷನ್ ಆನ್ ಮಾಡಿ, ಕೂಡಿರುವ ಪಾಯಿಂಟನ್ನು ಒಣ ಕಡ್ಡಿಯಿಂದ ಚಕ್ ಎಂದು ಬಿಡಿಸಿ. ನೀಲಿ ಕಿಡಿ ಟಪ್ ಎಂದು ಹಾರಿದರೆ ಗೆದ್ದಿರಿ. ಹಳದಿಯಾಗಿ ಸೊರಗಿದ್ದರೆ ಪಾಯಿಂಟಿಗೆ ಜೋಡಿಸಿರುವ ಕಂಡೆನ್ಸರ್ ಅಥವಾ ಕಾಯಿಲ್ ಬದಲಿಸಿ ನೋಡಿ. ಇಗ್ನಿಷನ್ ಆನ್ ಮಾಡಿ ಹಾಗೇ ಬಿಡಬೇಡಿ, ಕಾಯಿಲ್ ಬಿಸಿಯಾಗಿ ಸಾಯುತ್ತದೆ. ಪೆಟ್ರೋಲ್ ಬಿಚ್ಚುವ ಮೊದಲೇ ಈ ಪರೀಕ್ಷೆ ಮುಗಿಸಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ ಅಲ್ವಾ?

ಪೆಟ್ರೋಲ್

ಹಳೇ ಪೆಟ್ರೋಲಿಗೆ ವಾರ್ನಿಷ್ ವಾಸನೆ ಬಂದಿರುತ್ತದೆ. ಅದಕ್ಕೇ ಹೊಸದು ಬೆರೆಸಿ ಸುಧಾರಿಸುವ ಆಸೆ ಬೇಡ, ಪೂರ್ತಿ ಇಳಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಳೇ ರಬ್ಬರ್ ಪೈಪುಗಳನ್ನೂ ಹಾಳು ಮಾಡುತ್ತದೆ. ಪೈಪ್ ಬಗ್ಗಿಸಿದಾಗ ಬಿರುಕು ಕಂಡರೆ ಬದಲಿಸಿ. ಕಾರ್ಬರೇಟರ್ ಮುಚ್ಚಳ ಬಿಚ್ಚಿದರೆ ತಳದಲ್ಲಿ ಕಂದು ಅಂಟು ಕೂತಿರುತ್ತದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನು ತೆಗೆದು ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ. ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಗಾಡಿ ಪೆಟ್ರೋಲ್ ಕುಡಿಯುತ್ತದೆ.

ಟ್ಯಾಂಕ್ ಒಳಗೆ ತುಕ್ಕಿದ್ದರೆ ಆ ದಿನಕ್ಕೆ ಅದನ್ನು ಬಿಟ್ಟು, ಸಣ್ಣ ಕ್ಯಾನಿನಿಂದ ಪಂಪಿಗೆ ನೇರ ಪೈಪ್ ಕೊಡಬಹುದು. ಪಂಪಿಗೆ ನಮ್ಮ ಮೆಕ್ಯಾನಿಕ್‌ಗಳು ಎಸಿ ಪಂಪ್ ಅನ್ನುತ್ತಾರೆ. ಕ್ಯಾನು ಇಂಜಿನ್‌ನಿಂದ ದೂರ ಇರಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ನೀರಲ್ಲ, ಮರಳು.

ಈಗ ಕೀ

ಶೆಡ್ಡಿನ ಬಾಗಿಲು ಪೂರ್ತಿ ತೆಗೆಯಿರಿ. ಮುಚ್ಚಿದ ಜಾಗದಲ್ಲಿ ಹೊಗೆ ಜೀವ ತೆಗೆಯುತ್ತದೆ. ಪ್ಲಗ್ ಹಾಕುವ ಮೊದಲು ಕೆಲವು ಸೆಕೆಂಡು ಸೆಲ್ಫ್ ಹೊಡೆದು ಹೆಚ್ಚಿನ ಆಯಿಲ್ ಹೊರಗೆ ಹಾರಲಿ, ಪ್ಲಗ್ ತೂತಿನ ಮೇಲೆ ಬಟ್ಟೆ ಹಾಕಿ. ಈ ಹೊತ್ತಿನಲ್ಲಿ ಕಾಯಿಲ್ ವೈರ್ ಕಿತ್ತು ಇಂಜಿನ್‌ಗೆ ತಾಗಿಸಿಡಿ. ಆಮೇಲೆ ಪ್ಲಗ್, ವೈರ್ ಜೋಡಿಸಿ ಚೋಕ್ ಎಳೆದು ಶುರು ಮಾಡಿ. ಒಂದು ಸಲಕ್ಕೆ 10 ಸೆಕೆಂಡು ಸಾಕು, ನಡುವೆ ಒಂದು ನಿಮಿಷ ಬಿಡುವು. ನಮ್ಮದು ನಾಲ್ಕನೆಯ ಸಲಕ್ಕೆ ಕೆಮ್ಮಿತು, ಐದಕ್ಕೆ ಹಿಡಿಯಿತು. ನೀಲಿ ಹೊಗೆ ಶೆಡ್ ತುಂಬಿತು. ಸಿಲಿಂಡರಿಗೆ ಬಿಟ್ಟ ಆಯಿಲ್ ಉರಿಯುವುದು ಅದು, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಆಯಿಲ್ ಲೈಟ್ ಆರದಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ.

ಅಂಟಿಕೊಂಡಿದ್ದ ಚಕ್ರ? ಬ್ರೇಕ್ ಶೂ ಡ್ರಮ್ಮಿಗೆ ತುಕ್ಕಿನಿಂದ ಹಿಡಿದಿತ್ತು. ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿದ ಮೇಲೆ ಬಿಟ್ಟಿತು. ಕಾರು ತುಂಬ ದಿನ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಚಕ್ರಕ್ಕೆ ಕಲ್ಲು ಕೊಡಿ. ರಸ್ತೆಗಿಳಿಸುವ ಮೊದಲು ಕಾಗದವನ್ನೂ ನೋಡಿ: 15 ವರ್ಷ ದಾಟಿದ ಖಾಸಗಿ ಕಾರಿಗೆ ನೋಂದಣಿ ನವೀಕರಣ ಆಗಿರಬೇಕು.

ಸದ್ದು ಕೇಳಿ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಗೇಟಿನವರೆಗೆ ಒಂದು ರೌಂಡ್ ಹೋಗೋಣ ಎಂದು ಬಾಗಿಲಿಗೆ ಕೈ ಹಾಕಿದರು. ನಮ್ಮ ಗೇಟಿನವರೆಗೆ ಪೂರ್ತಿ ಇಳಿಜಾರು. "ಸ್ವಲ್ಪ ತಡೀರಿ ಗೌಡ್ರೇ" ಎಂದು ಮೆಕ್ಯಾನಿಕ್ ಒಳಗೆ ಕೂತು ಬ್ರೇಕ್ ಒತ್ತಿದರು. ಪೆಡಲ್ ಸದ್ದಿಲ್ಲದೆ ತಳ ಮುಟ್ಟಿತು. ಬ್ರೇಕ್ ಶೂಗಳನ್ನು ಒತ್ತುವ ವ್ಹೀಲ್ ಸಿಲಿಂಡರುಗಳ ರಬ್ಬರ್ ಸತ್ತು ಎಷ್ಟು ಕಾಲವಾಗಿತ್ತೋ. ಇಂಜಿನ್ ಆಫ್ ಮಾಡಿ, ಕೆಳಗಿಳಿದು, ಮುಂದಿನ ಚಕ್ರಕ್ಕೆ ಒಂದು ಸೈಜುಗಲ್ಲು ಕೊಟ್ಟರು. ಕೀ ಮತ್ತೆ ಅವರ ಜೇಬಿಗೆ ಹೋಯಿತು.